ಮದ್ದಿಗಿಂತ ಮೊದಲು ಮಾತು

ನಾನು ನಿವೃತ್ತನಾದ ಹೊಸದರಲ್ಲಿ, ಮಕ್ಕಳ ಭೇದಿಯನ್ನು ಕುರಿತ ಕರಪತ್ರವೊಂದನ್ನು ಕನ್ನಡಕ್ಕೆ ತಂದುಕೊಡಬೇಕೆಂದು ಪರಿಚಿತ ವೈದ್ಯರೊಬ್ಬರು ಕೇಳಿದರು. ಕನ್ನಡ ಕಲಿಸುತ್ತಲೇ ತಲೆ ನರೆತವನು ನಾನು, ಹಿಗ್ಗಿನಿಂದ ಒಪ್ಪಿದೆ. ‘ಭೇದಿಯಿಂದ ಶಿಶುವಿಗೆ ನಿರ್ಜಲೀಕರಣವುಂಟಾಗುವುದರಿಂದ ಮೌಖಿಕ ಪುನರ್ಜಲೀಕರಣ ದ್ರಾವಣವನ್ನು ಸೇವಿಸುವಂತೆ ಮಾಡತಕ್ಕದ್ದು’ ಎಂದು ಬರೆದು, ವಾಕ್ಯದ ಬಿಗಿಗೆ ನಾನೇ ತಲೆದೂಗಿದೆ.

ನಮ್ಮ ಮನೆಗೆಲಸಕ್ಕೆ ಬರುವಾಕೆಗೆ ಅದನ್ನು ಓದಿ ಹೇಳಿ, “ತಿಳಿಯಿತೇನಮ್ಮ?” ಎಂದೆ. “ತಿಳೀತು ಮೇಷ್ಟ್ರೇ” ಎಂದಳು. ಏನು ತಿಳಿಯಿತೆಂದು ಕೇಳಿದಾಗ, “ಬೇದಿ ಆಗೋ ಮಗೀಗೆ ನೀರು ಕೊಡಬಾರದು ಅಂತ ತಾನೆ?” ಎಂದಳು. ಏಕಾದಶಿಯ ನಿರ್ಜಲ ಉಪವಾಸದ ಮಾತನ್ನು ಆಕೆ ನಮ್ಮ ಮನೆಯಲ್ಲಿಯೇ ಕೇಳಿದ್ದಳು. ನನ್ನ ಅಷ್ಟುದ್ದದ ವಾಕ್ಯದಲ್ಲಿ ಆಕೆಗೆ ದಕ್ಕಿದ್ದು ‘ನಿರ್ಜಲ’ವೊಂದೇ.

ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂಬುದು ನಮ್ಮ ಜನರಲ್ಲಿ ಬೇರೂರಿದ ನಂಬಿಕೆ. ಅದನ್ನು ಕೀಳಬೇಕಾಗಿದ್ದ ನನ್ನ ಬರಹವು ಅದಕ್ಕೇ ನೀರೆರೆದಿತ್ತು. ಭೇದಿಯಾದ ಮಗುವಿನ ಪ್ರಾಣಕ್ಕೆ ಎರವಾಗುವುದು ಬಹುಮಟ್ಟಿಗೆ ಮೈಯಿಂದ ಹರಿದುಹೋಗುವ ನೀರು ಮತ್ತು ಲವಣ. ಸಕ್ಕರೆಯ ಜೊತೆ ಸೇರಿದ ಉಪ್ಪನ್ನು ಕರುಳು ಹೀರಿಕೊಳ್ಳುತ್ತದೆ. ಅದರ ಹಿಂದೆ ನೀರೂ ಬರುತ್ತದೆ. ಇಷ್ಟು ಸರಳವಾದ ಮದ್ದಿಗೆ ನಾನು ಮಾತಿನ ಬೇಲಿ ಹಾಕಿದ್ದೆ.

ಈ ಮದ್ದಿನ ಚರಿತ್ರೆಯನ್ನು ಆಮೇಲೆ ಓದಿದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿತ್ತು. ರಕ್ತನಾಳಕ್ಕೆ ಕೊಡುವ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು ಸಕ್ಕರೆಗಳ ದ್ರಾವಣವನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಜನ ಅನುಮಾನಿಸದಿರಲೆಂದು ಅದನ್ನು ‘ಬಾಯಿಂದ ಕುಡಿಯುವ ಸಲೈನ್’ ಎಂದು ಕರೆದರು. ಶೇಕಡ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡ 3.6ಕ್ಕೆ ಇಳಿಯಿತು. ಕಾಪಾಡಿದ್ದು ದ್ರಾವಣವೇ, ನಿಜ. ಆದರೆ ಅದನ್ನು ತುಟಿಯವರೆಗೆ ಒಯ್ದುದರಲ್ಲಿ ಆ ಹೆಸರಿನ ಪಾಲೂ ಇತ್ತು.

ನೆರೆಯ ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಮನೆಮನೆಗೂ ಹೋಗಿ ಇದನ್ನೇ ಕಲಿಸಿದರು. ಮೂರು ಬೆರಳಿನ ಚಿಟಿಕೆಯಷ್ಟು ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತಾಯಿಯ ಬೆರಳು, ತಾಯಿಯ ಅಂಗೈಗಳೇ ಅಳತೆ. ಕಲಿಸಿದವಳ ಸಂಬಳವು, ಕಲಿತ ತಾಯಿ ಎಷ್ಟನ್ನು ನೆನಪಿಟ್ಟಿದ್ದಾಳೆಂಬುದನ್ನು ಅವಲಂಬಿಸಿತ್ತು! ಅರ್ಥವಾಗದಿದ್ದರೆ ತಪ್ಪು ಕೇಳಿದವಳದಲ್ಲ, ಹೇಳಿದವಳದು ಎಂಬ ಈ ನಿಯಮವನ್ನು ನಾವು ಅಧ್ಯಾಪಕರು ನಮಗೆ ಎಂದೂ ಅನ್ವಯಿಸಿಕೊಂಡವರಲ್ಲ.

ಬಡವರಿಗೂ ಬಲ್ಲಿದರಿಗೂ ಆರೋಗ್ಯದಲ್ಲಿರುವ ಅಂತರಕ್ಕೆ ಹಣ, ದೂರ, ಅನ್ನ ನೀರುಗಳ ಕೊರತೆ ಮೊದಲಾದ ಕಾರಣಗಳು ಹಲವು. ಮಾತೂ ಅವುಗಳಲ್ಲೊಂದು. ಒಂದೇ ಆಸ್ಪತ್ರೆಯಲ್ಲಿ, ಒಂದೇ ಔಷಧಿಯನ್ನು ಪಡೆದರೂ, ಓದಿದವನು ವೈದ್ಯರನ್ನು ಎರಡು ಪ್ರಶ್ನೆ ಕೇಳಿ ಬರುತ್ತಾನೆ. ಓದದವಳು ತಲೆಯಾಡಿಸಿ ಬರುತ್ತಾಳೆ. ಆಕೆ ತಲೆಯಾಡಿಸಿದ್ದು ಮರ್ಯಾದೆಗೆ. ಅದನ್ನು ನಾವು ತಿಳಿವಳಿಕೆಯೆಂದು ಎಣಿಸುತ್ತೇವೆ. “ತಿಳಿಯಿತೇ?” ಎಂಬ ಪ್ರಶ್ನೆಗೆ ನಮ್ಮಲ್ಲಿ ‘ಇಲ್ಲ’ವೆಂಬ ಉತ್ತರ ಬರುವುದೇ ಅಪರೂಪ. “ಮನೆಗೆ ಹೋಗಿ ಏನು ಮಾಡುವಿರಿ, ಹೇಳಿ ನೋಡೋಣ” ಎಂದು ಕೇಳಬೇಕು.

ಆ ಕರಪತ್ರವನ್ನು ನಾನು ಆಕೆಯೊಡನೆ ಕುಳಿತು ಮತ್ತೆ ಬರೆದೆ: ‘ಮಗುವಿಗೆ ಬೇದಿಯಾದರೆ ನೀರು ನಿಲ್ಲಿಸಬೇಡಿ. ಮೊಲೆಹಾಲು ಬಿಡಿಸಬೇಡಿ. ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ, ಅದರ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ಕಣ್ಣು ಗುಳಿಬಿದ್ದರೆ, ಮಗು ಸೋತು ಕುಡಿಯದೆ ಹೋದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.’ “ಬರೆದದ್ದನ್ನ ಓದೋಕೆ ಬರದವರು ಏನು ಮಾಡಬೇಕು?” ಎಂದಳಾಕೆ. ಪೊಟ್ಟಣದ ಪಕ್ಕದಲ್ಲಿ ಒಂದು ಲೀಟರಿನ ನೀರಿನ ಬಾಟಲಿಯ ಚಿತ್ರ ಬಂದದ್ದು ಹಾಗೆ.

ಕರಪತ್ರದ ಕೊನೆಯಲ್ಲಿ ಅನುವಾದಕನೆಂದು ನನ್ನ ಹೆಸರಿದೆ. ಅದನ್ನು ತಿದ್ದಿದ ಆ ಗುರುವಿನ ಹೆಸರಿಲ್ಲ. ಆ ಋಣವನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.