ಇದ್ದಲಿನ ಒಡಲಲ್ಲಿ ಅನಿಲಕ್ಕೆಷ್ಟು ಜಾಗ?



ಒಲೆಯಲ್ಲಿ ಉಳಿದ ಇದ್ದಲಿಗೆ ಬೆಲೆ ಕಟ್ಟುವವರು ವಿರಳ. ಆದರೆ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರ ಉಸಿರನ್ನು ಕಾಯ್ದದ್ದು ಇದೇ ಕರಿ ವಸ್ತು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಹರಿಯಬಿಟ್ಟಿತು. ಅದೇ ವರ್ಷ ರಷ್ಯದ ರಸಾಯನ ವಿಜ್ಞಾನಿ ನಿಕೊಲಾಯ್ ಜೆಲಿನ್‌ಸ್ಕಿ ಇದ್ದಲು ತುಂಬಿದ ಮುಖವಾಡವನ್ನು ರೂಪಿಸಿದರು. 1918ರಲ್ಲಿ ಅಮೆರಿಕದ ಜನ ಮುಖವಾಡದ ಇದ್ದಲಿಗೆಂದು ಪೀಚ್ ಹಣ್ಣಿನ ಓಟೆಗಳನ್ನು ಕೂಡಿಸಿಕೊಟ್ಟರು.

ಇದ್ದಲು ಅನಿಲವನ್ನು ಹತ್ತಿಬಟ್ಟೆ ನೀರು ಕುಡಿದಂತೆ ಕುಡಿಯುವುದಿಲ್ಲ. ತನ್ನ ಮೈಗೆ ಅಂಟಿಸಿಕೊಳ್ಳುತ್ತದೆ. ಇದೇ ಅಧಿಶೋಷಣೆ. ಸಂಸ್ಕರಿಸಿದ ಒಂದು ಗ್ರಾಂ ಇದ್ದಲಿನ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಸಾವಿರ ಚದರ ಮೀಟರ್ ದಾಟಬಹುದು. ಅಂದರೆ ಮೂವತ್ತು-ನಲವತ್ತು ಅಡಿಯ ಒಂಬತ್ತು ನಿವೇಶನಗಳಷ್ಟು!

ಆ ರಂಧ್ರಗಳ ಅಗಲ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದ ಆಸುಪಾಸು. ಒಳಗೆ ಅಣುಗಳು ಹೇಗೆ ಕೂರುತ್ತವೆಂದು ಇಣುಕಿ ನೋಡುವುದು ಕಷ್ಟ. ಇಲ್ಲಿ ನೆರವಿಗೆ ಬಂದದ್ದು ಕಂಪ್ಯೂಟರ್. 1953ರಲ್ಲಿ ಲಾಸ್ ಅಲಮೋಸ್‌ನ ನಿಕೋಲಸ್ ಮೆಟ್ರೊಪೊಲಿಸ್ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನಕ್ಕೆ ಜೂಜಿಗೆ ಹೆಸರಾದ ಮಾಂಟೆ ಕಾರ್ಲೊದ ಹೆಸರೇ ಅಂಟಿದೆ.

ಲೆಕ್ಕಾಚಾರ ನಡೆಯುವುದು ಹೀಗೆ: ಎದುರುಬದುರಾದ ಎರಡು ಇಂಗಾಲದ ಗೋಡೆಗಳನ್ನು ಕಂಪ್ಯೂಟರಿನಲ್ಲಿ ಕಲ್ಪಿಸುತ್ತಾರೆ. ನಡುವೆ ಒಂದು ಅಣುವನ್ನು ಸೇರಿಸುವುದು, ತೆಗೆಯುವುದು, ಇಲ್ಲವೇ ಸರಿಸುವುದು. ಪ್ರತಿ ನಡೆಯಲ್ಲೂ ಶಕ್ತಿ ಎಷ್ಟು ಬದಲಾಯಿತೆಂದು ಎಣಿಸಿ, ಹೊರಗಿನ ಒತ್ತಡ ಮತ್ತು ಉಷ್ಣತೆಗೆ ತಕ್ಕಂತೆ, ದಾಳ ಎಸೆದ ರೀತಿಯಲ್ಲಿ ಆ ನಡೆಯನ್ನು ಒಪ್ಪುವುದು ಅಥವಾ ಬಿಡುವುದು. ಲಕ್ಷಾಂತರ ನಡೆಗಳ ಬಳಿಕ ಉಳಿದ ಅಣುಗಳ ಸರಾಸರಿಯೇ ಉತ್ತರ.

ಇದರಿಂದ ತಿಳಿದದ್ದೇನು? ರಂಧ್ರ ಕಿರಿದಾದಾಗ ಎರಡೂ ಗೋಡೆಗಳು ಅಣುವನ್ನು ಸೆಳೆಯುತ್ತವೆ. ತೀರಾ ಕಿರಿದಾದರೆ ಅಣು ಒಳಗೇ ಹೋಗದು. ಮೀಥೇನ್ ಕೂಡಿಡಲು ಸುಮಾರು ಒಂದು ನ್ಯಾನೊಮೀಟರ್ ಅಗಲ ಅನುಕೂಲವೆಂದು ಇಂಥ ಲೆಕ್ಕಗಳು ತೋರಿಸಿವೆ. ವಾಹನಗಳ ಸಿ.ಎನ್‌.ಜಿ. ಟ್ಯಾಂಕಿನಲ್ಲಿ ಅನಿಲವನ್ನು ಇನ್ನೂರು ವಾತಾವರಣಗಳಷ್ಟು ಒತ್ತಡದಲ್ಲಿ ತುಂಬುತ್ತಾರೆ. ತಕ್ಕ ಇದ್ದಲು ದೊರೆತರೆ ಮೂವತ್ತೈದರ ಸುಮಾರಿನ ಒತ್ತಡದಲ್ಲೇ ಸಾಕಷ್ಟು ಅನಿಲ ಹಿಡಿಸಬಹುದೆಂಬುದು ಸಂಶೋಧಕರ ಆಸೆ.

ಒಂದು ಎಚ್ಚರಿಕೆ ಮಾತ್ರ ಬೇಕು. ನಿಜವಾದ ಇದ್ದಲಿನ ಗೋಡೆಗಳು ಪುಸ್ತಕದ ಹಾಳೆಗಳಂತೆ ನೆಟ್ಟಗಿರುವುದಿಲ್ಲ; ಬಾಗಿ, ಹರಿದು, ಸಿಕ್ಕುಸಿಕ್ಕಾಗಿರುತ್ತವೆ. ಕಲ್ಪಿಸಿದ ಚಿತ್ರ ತಪ್ಪಾದರೆ ಲೆಕ್ಕವೂ ತಪ್ಪು. ಕಂಪ್ಯೂಟರ್ ದಾರಿ ತೋರಿಸೀತು. ತಕ್ಕಡಿಯಲ್ಲಿ ತೂಗಿ ಖಚಿತಪಡಿಸುವ ಕೆಲಸ ಪ್ರಯೋಗಶಾಲೆಯದೇ.