ಮಳಖೇಡದ ಶ್ರೀ ನೇಮಿನಾಥ ಬಸದಿ: ಪ್ರತಿಷ್ಠೆಯೂ ಪಾಲನೆಯೂ

(ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

॥ ಶ್ರೀ ವೀತರಾಗಾಯ ನಮಃ ॥



ನೂತನ ಜಿನಬಿಂಬಗಳ ಪಂಚಕಲ್ಯಾಣ ಪ್ರತಿಷ್ಠೆಯು ನೆರವೇರುತ್ತಿರುವ ಈ ಮಂಗಳ ಸಂದರ್ಭದಲ್ಲಿ ಒಂದು ಪ್ರಾಚೀನ ಬಸದಿಯನ್ನು ಸ್ಮರಿಸುವುದು ಉಚಿತವಾಗಿದೆ. ಅದು ಸೇಡಂ ತಾಲ್ಲೂಕಿನ ಮಳಖೇಡದ ಶ್ರೀ ನೇಮಿನಾಥ ಬಸದಿ. ಹೊಸ ಬಸದಿಯನ್ನು ಕಟ್ಟುವವರು ಹಳೆಯ ಬಸದಿಯಿಂದ ಕಲಿಯತಕ್ಕ ಪಾಠವೊಂದು ಅಲ್ಲಿದೆ.

ಶಹಾಬಾದ, ವಾಡಿ, ಚಿತ್ತಾಪುರಗಳ ಶ್ರಾವಕರಿಗೆ ಮಳಖೇಡವು ದೂರದ ಕ್ಷೇತ್ರವಲ್ಲ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಆರಂಭವಾದ ರೈಲುಮಾರ್ಗದಲ್ಲಿ ಚಿತ್ತಾಪುರಕ್ಕೂ ಸೇಡಂಗೂ ನಡುವೆ ಮಳಖೇಡ ರೋಡ್ ನಿಲ್ದಾಣವಿದೆ. ಚಿಂಚೋಳಿಯ ಕಡೆಯವರು ಸೇಡಂ ಮಾರ್ಗವಾಗಿ ಬರಬಹುದು. ಆದರೂ ಶ್ರವಣಬೆಳಗೊಳಕ್ಕೆ, ಸಮ್ಮೇದಶಿಖರಕ್ಕೆ ಹಲವು ಬಾರಿ ಯಾತ್ರೆ ಮಾಡಿದವರಲ್ಲಿಯೂ ಕಾಗಿಣಾ ನದಿಯ ದಡದ ಈ ಗ್ರಾಮದಲ್ಲಿ ಇಳಿದು ದರ್ಶನ ಪಡೆದವರು ವಿರಳ.

ಇಂದು ಗ್ರಾಮವಾಗಿರುವ ಈ ಸ್ಥಳವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕ್ರಿ.ಶ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನಿಗೆ ಆದಿಪುರಾಣದ ಕರ್ತೃ ಜಿನಸೇನಾಚಾರ್ಯರು ಗುರುಗಳು. ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು ಈ ಅರಸನನ್ನು ಕೊಂಡಾಡಿದ್ದಾರೆ. ಕನ್ನಡದ ಮೊದಲ ಲಕ್ಷಣಗ್ರಂಥ ಕವಿರಾಜಮಾರ್ಗವು ಅವನ ಆಸ್ಥಾನದಲ್ಲಿ ಮೂಡಿತು. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ ಮಹಾಕವಿ ಪುಷ್ಪದಂತನು ಮಂತ್ರಿ ಭರತನ ಆಶ್ರಯದಲ್ಲಿದ್ದು ಅಪಭ್ರಂಶ ಭಾಷೆಯ ಮಹಾಪುರಾಣವನ್ನು 965ರಲ್ಲಿ ಇಲ್ಲಿಯೇ ಪೂರೈಸಿದನು. ಅದಾಗಿ ಏಳೇ ವರ್ಷಗಳಲ್ಲಿ, 972ರಲ್ಲಿ, ಪರಮಾರ ಸೀಯಕನ ಸೈನ್ಯವು ರಾಜಧಾನಿಯನ್ನು ಸೂರೆಗೊಂಡಿತು. ಮರುವರ್ಷ ರಾಜ್ಯವು ಚಾಲುಕ್ಯ ತೈಲಪನ ಪಾಲಾಯಿತು.

ಅರಮನೆ ಅಳಿಯಿತು; ಬಸದಿ ಉಳಿಯಿತು. ಇದೇ ಮಳಖೇಡ ದರ್ಶನದ ಮೊದಲ ವಿಸ್ಮಯ. ಗಾತ್ರದಲ್ಲಿ ಇದು ರಾಷ್ಟ್ರಕೂಟರ ಕಾಲದ ಎಲ್ಲೋರದ ಜೈನ ಗುಹೆಗಳನ್ನಾಗಲಿ, ಪಟ್ಟದಕಲ್ಲಿನ ಜಿನಾಲಯವನ್ನಾಗಲಿ ಸರಿಗಟ್ಟುವಂಥದಲ್ಲ. ಆದರೆ ಅವು ಇಂದು ಪ್ರೇಕ್ಷಣೀಯ ಸ್ಮಾರಕಗಳು. ಇದು ಪೂಜೆಯ ಬಸದಿ. ಇದರ ಕಂಬಗಳೂ ಗೋಡೆಗಳೂ 9ರಿಂದ 11ನೆಯ ಶತಮಾನದವರೆಗಿನವೆಂದು ಗುರುತಿಸಲಾಗಿದೆ. ಎಂದರೆ ರಾಷ್ಟ್ರಕೂಟರು ಹೋಗಿ ಚಾಲುಕ್ಯರು ಬಂದ ಮೇಲೂ ಇಲ್ಲಿ ಉಳಿಯ ಸದ್ದು ನಿಲ್ಲಲಿಲ್ಲ.

ಒಳಗಿರುವ ಬಿಂಬಗಳನ್ನು ಅವಸರವಿಲ್ಲದೆ ನೋಡತಕ್ಕದ್ದು. ಚತುರ್ವಿಂಶತಿ ತೀರ್ಥಂಕರರ ಬಿಂಬ, ಯಕ್ಷಿಯ ವಿಗ್ರಹಗಳು, ನಂದೀಶ್ವರ ದ್ವೀಪದ ರಚನೆ ಇಲ್ಲಿವೆ. ಎಂಟನೆಯದಾದ ಆ ದ್ವೀಪದಲ್ಲಿ ದಿಕ್ಕಿಗೆ 13ರಂತೆ 52 ಅಕೃತ್ರಿಮ ಚೈತ್ಯಾಲಯಗಳಿವೆಯೆಂದು ಆಗಮವು ಹೇಳುತ್ತದೆ. ಮನುಷ್ಯರು ತಲುಪಲಾರದ ಆ ದ್ವೀಪವನ್ನು ಶಿಲ್ಪಿಯು ಶ್ರಾವಕನ ಕಣ್ಣಳತೆಗೆ ತಂದಿದ್ದಾನೆ. ಆಷಾಢ, ಕಾರ್ತಿಕ, ಫಾಲ್ಗುಣಗಳ ಅಷ್ಟಾಹ್ನಿಕ ಪರ್ವದಲ್ಲಿ ಪೂಜೆ ಮಾಡುವವರಿಗೆ ಇದರ ಅರ್ಥವನ್ನು ಬೇರೆ ಹೇಳಬೇಕಾಗಿಲ್ಲ. 96 ಬಿಂಬಗಳುಳ್ಳ ಪಂಚಲೋಹದ ಪುಟ್ಟ ಜಿನಾಲಯವಂತೂ ಈ ಬಸದಿಯ ಅಮೂಲ್ಯ ನಿಧಿ.

ಪ್ರಾಚೀನ ಬಸದಿಯ ಕಟ್ಟಡವೇ ಒಂದು ಉಪದೇಶ. ಮುಖಮಂಟಪದಿಂದ ನವರಂಗಕ್ಕೆ, ನವರಂಗದಿಂದ ಸುಕನಾಸಿಗೆ, ಅಲ್ಲಿಂದ ಗರ್ಭಗೃಹದ ಬಾಗಿಲಿಗೆ ನಡೆದಂತೆ ಬೆಳಕು ಕಡಿಮೆಯಾಗುತ್ತದೆ, ಮಾತು ತಾನಾಗಿ ನಿಲ್ಲುತ್ತದೆ. ಬಾಗಿಲವಾಡದ ಮೇಲಿನ ಲಲಾಟದಲ್ಲಿ ಪದ್ಮಾಸನಸ್ಥ ಜಿನಬಿಂಬವು ಬಂದವರನ್ನು ಎದುರುಗೊಳ್ಳುತ್ತದೆ. ಹೊರಗೆ ಅಲಂಕಾರ, ಒಳಗೆ ವೀತರಾಗತೆ. ಈ ಕ್ರಮವನ್ನು ಕಣ್ಣಾರೆ ಕಂಡ ಬಾಲಕನಿಗೆ ಪಾಠಶಾಲೆಯ ಮಾತು ಸುಲಭವಾಗಿ ಹಿಡಿಯುತ್ತದೆ.

ಇಷ್ಟು ಕಾಲ ಈ ದೀಪವನ್ನು ಉಳಿಸಿದವರು ಯಾರು? ಅರಸರ ಕಾಲ ಬಹಳ ಹಿಂದೆಯೇ ಮುಗಿಯಿತು. ಮಳಖೇಡದಲ್ಲಿ ಭಟ್ಟಾರಕ ಪೀಠವಿದ್ದು, ಕಾರಂಜಾ, ಲಾತೂರು ಪೀಠಗಳು ಅದರ ಶಾಖೆಗಳಾಗಿ ಬೆಳೆದವು. ಆ ಗುರುಪರಂಪರೆಯೂ, ಹೆಸರು ಕೆತ್ತಿಸಿಕೊಳ್ಳದ ಶ್ರಾವಕ ಶ್ರಾವಿಕೆಯರೂ ಇದನ್ನು ಕಾದರು. ಸಮೀಪದ ಸೇಡಂ ಶಾಸನವು ಇನ್ನೊಂದು ಹಿರಿಯ ಮಾತನ್ನು ತಿಳಿಸುತ್ತದೆ. 1124ರಲ್ಲಿ, ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಅಲ್ಲಿ ಶಾಂತಿನಾಥ ಜಿನಾಲಯವನ್ನು ಕಟ್ಟಿಸಿದವರು ಸೇಡಿಂಬದ ಮುನ್ನೂರು ಮಹಾಜನರು. ಜಿನಧರ್ಮಕ್ಕೆ ಇತರ ಸಮಾಜದವರ ಗೌರವವೂ ಆಸರೆಯಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಿಂದಿನವರ ವ್ಯವಹಾರಜ್ಞಾನವೂ ಗಮನಾರ್ಹ. ಬಸದಿ ಕಟ್ಟಿಸಿದವನು ಕಳಸವಿಟ್ಟು ಕೈ ತೊಳೆದುಕೊಳ್ಳುತ್ತಿರಲಿಲ್ಲ. ನಿತ್ಯಪೂಜೆಗೆ ಭೂಮಿ, ಹೂವಿಗೆ ತೋಟ, ದೀಪಕ್ಕೆ ಎಣ್ಣೆಗಾಣ ಎಂದು ದತ್ತಿ ಬಿಡುವುದು ರೂಢಿಯಾಗಿತ್ತು. ಅದರ ಜೊತೆಗೆ ಶಾಸನಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಖಂಡಸ್ಫುಟಿತ ಜೀರ್ಣೋದ್ಧಾರ’. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸುವುದಕ್ಕೆಂದೇ ತೆಗೆದಿಟ್ಟ ಆದಾಯ ಎಂದು ಅದರ ಅಭಿಪ್ರಾಯ. ಕಟ್ಟಡ ಹೊಸದಾಗಿರುವಾಗಲೇ ಅದು ಬಿರಿಯುವ ದಿನವನ್ನು ಎಣಿಸಿ ವ್ಯವಸ್ಥೆ ಮಾಡಿದ ದೂರದೃಷ್ಟಿ ಅದು.

ಇಂದಿನ ಸ್ಥಿತಿ ಹಾಗಿಲ್ಲ. ಪ್ರತಿಷ್ಠೆಯ ದಿನ ಸವಾಲಿಗೆ ಸವಾಲು ಏರುತ್ತದೆ; ಮರುವರ್ಷದ ಎಣ್ಣೆಯ ಲೆಕ್ಕ ಕೇಳುವವರಿರುವುದಿಲ್ಲ. ತರುಣರು ಉದ್ಯೋಗಕ್ಕಾಗಿ ಹೈದರಾಬಾದು, ಪುಣೆ, ಬೆಂಗಳೂರು ಸೇರುತ್ತಿದ್ದಾರೆ. ಜೈನರ ಮನೆಗಳು ಬೆರಳೆಣಿಕೆಯಷ್ಟಿರುವ ಗ್ರಾಮಗಳಲ್ಲಿ ಅಭಿಷೇಕದ ಸರದಿ ಒಬ್ಬಿಬ್ಬರ ಮೇಲೆಯೇ ಬೀಳುತ್ತದೆ. ಅವರು ದಣಿದ ದಿನ ಬಾಗಿಲಿಗೆ ಬೀಗ ಬೀಳುತ್ತದೆ.

ಆದ್ದರಿಂದ ಸಮಾಜವು ಮೂರು ಕಾರ್ಯಗಳನ್ನು ಕೈಗೊಳ್ಳಬೇಕು. ಮೊದಲನೆಯದು, ಪ್ರತಿಷ್ಠೆಯಲ್ಲಿ ಕೂಡಿಬಂದ ದ್ರವ್ಯದ ಒಂದು ಭಾಗವನ್ನು ಜೀರ್ಣೋದ್ಧಾರದ ಶಾಶ್ವತ ನಿಧಿಯಾಗಿ ತೆಗೆದಿಟ್ಟು, ವರ್ಷಕ್ಕೊಮ್ಮೆ ಲೆಕ್ಕವನ್ನು ಪಂಚರ ಮುಂದೆ ಓದುವುದು. ಎರಡನೆಯದು, ಪ್ರತಿಯೊಂದು ಮನೆತನವೂ ಮಕ್ಕಳೊಡನೆ ವರ್ಷಕ್ಕೆ ಒಂದು ಬಾರಿಯಾದರೂ ಮಳಖೇಡದಂಥ ಗ್ರಾಮದ ಬಸದಿಗೆ ಹೋಗಿ ಅಲ್ಲಿಯ ಪೂಜೆಯಲ್ಲಿ ಭಾಗಿಯಾಗುವುದು. ಮೂರನೆಯದು, ಭಕ್ತಿಯ ಭರದಲ್ಲಿ ಹಳೆಯ ಕಲ್ಲಿಗೆ ಬಣ್ಣ ಬಳಿಯದಿರುವುದು, ಶಾಸನದ ಮೇಲೆ ಸಿಮೆಂಟು ಮೆತ್ತದಿರುವುದು. ಸುಣ್ಣದಡಿ ಮುಚ್ಚಿದ ಒಂದು ಸಾಲು ಅಕ್ಷರವು ಸಮಾಜದ ದಸ್ತಾವೇಜೇ ಆಗಿರಬಹುದು. ಬಲ್ಲವರನ್ನು ಕರೆಸಿ ಅದನ್ನು ಓದಿಸಿ, ಚಿತ್ರ ತೆಗೆಸಿದ ಬಳಿಕವೇ ದುರಸ್ತಿಗೆ ಕೈ ಹಾಕತಕ್ಕದ್ದು.

ಪ್ರತಿಷ್ಠೆಯು ಕೆಲವು ದಿನಗಳ ಮಹೋತ್ಸವ. ಪಾಲನೆಯು ತಲೆಮಾರುಗಳ ವ್ರತ. ರಾಜಧಾನಿಯೇ ಸೂರೆಹೋದ ಊರಿನಲ್ಲಿ ಬಸದಿಯನ್ನು ಉಳಿಸಿಕೊಟ್ಟ ಹಿರಿಯರ ಆ ವ್ರತವು ಇಂದು ಪ್ರತಿಷ್ಠೆಗೊಳ್ಳುವ ಈ ಜಿನಾಲಯಕ್ಕೂ ಒದಗಿಬರಲಿ.