ಐವತ್ತು ವರ್ಷದ ಹಿಂದೆ ಬದುಕು ಚೆನ್ನಾಗಿತ್ತೆ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಾನು ಭಾಷಣಗಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ನೇಗಿಲು ಹಿಡಿದವನು. ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಸಮಯದಲ್ಲಿ ಎರಡು ಮಾತು ಆಡಲೇಬೇಕು ಎಂದು ಅಧ್ಯಕ್ಷರು ಹೇಳಿದರು. ಯಾವ ವಿಷಯ ಎಂದು ಕೇಳಿದೆ. "ಹಿಂದಿನ ಕಾಲ ಚೆನ್ನಾಗಿತ್ತೋ, ಈಗಿನ ಕಾಲ ಚೆನ್ನಾಗಿದೆಯೋ, ಅರಳಿಕಟ್ಟೆ ಮೇಲೆ ದಿನಾ ಇದೇ ಜಗಳ ತಾನೆ, ಅದನ್ನೇ ಮಾತಾಡು" ಅಂದರು.

ಐವತ್ತು ವರ್ಷದ ಹಿಂದೆ, ಅಂದರೆ 1975ರ ಸುಮಾರಿಗೆ, ನಾನು ಹುಟ್ಟೇ ಇರಲಿಲ್ಲ. ಹಾಗಾಗಿ ನಮ್ಮ ತಂದೆಯವರನ್ನು ಕೇಳಿದೆ. ಅವರು ಹಿಂದೆ ಮುಂದೆ ನೋಡದೆ, "ಆ ಕಾಲ ಬರುತ್ತೇನಪ್ಪಾ ಇನ್ನು" ಎಂದು ಶುರು ಮಾಡಿದರು.

ಆಗ ಕೋಣನಕುಂಟೆ ಬೆಂಗಳೂರು ದಕ್ಷಿಣ ತಾಲ್ಲೂಕಿನ ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿ. ಹೊಲದಲ್ಲಿ ರಾಗಿ, ಅಕ್ಕಡಿ ಸಾಲಲ್ಲಿ ಅವರೆ, ಅಂಚಿಗೆ ಹುರುಳಿ. ತರಕಾರಿ ಬೆಳೆದವರು ನಡುರಾತ್ರಿ ಗಾಡಿ ಕಟ್ಟಿ, ಕೆಳಗೆ ಲಾಟೀನು ನೇತು ಹಾಕಿ, ಕನಕಪುರ ರಸ್ತೆಯಲ್ಲಿ ಹೊರಟರೆ ಬೆಳಗಾಗುವ ಹೊತ್ತಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆ. ದಾರಿ ಗೊತ್ತಿದ್ದ ಎತ್ತುಗಳು ತಮ್ಮ ಪಾಡಿಗೆ ನಡೆಯುತ್ತಿದ್ದವು, ಗಾಡಿ ಹೊಡೆಯುವವರು ನಿದ್ದೆ ಮಾಡುತ್ತಿದ್ದರಂತೆ. ಇವತ್ತು ಅದೇ ರಸ್ತೆಯಲ್ಲಿ ಎಚ್ಚರವಾಗಿದ್ದವರೂ ಮನೆ ಸೇರೋದು ಕಷ್ಟ.

ತಂದೆಯವರು ಬಹಳ ಹೊತ್ತು ಹೇಳಿದ್ದು ಮುಯ್ಯಾಳಿನ ವಿಚಾರ. ಇವತ್ತು ನನ್ನ ಹೊಲಕ್ಕೆ ನೀವು ನಾಲ್ಕು ಜನ, ನಾಳೆ ನಿಮ್ಮ ಹೊಲಕ್ಕೆ ನಾವು ನಾಲ್ಕು ಜನ. ನಾಟಿ, ಕಳೆ, ಕೊಯ್ಲು, ಕಣ ಎಲ್ಲಾ ಹಾಗೇ. ಕೂಲಿ ಇಲ್ಲ, ಲೆಕ್ಕದ ಪುಸ್ತಕ ಇಲ್ಲ, ಆದರೆ ಯಾರೂ ಲೆಕ್ಕ ಮರೆಯುತ್ತಿರಲಿಲ್ಲ. ಒಂದು ಮನೆಯಲ್ಲಿ ಸಾವಾದರೆ ಮೂರು ದಿನ ಆ ಮನೆಯ ಒಲೆ ಹಚ್ಚೋ ಹಾಗಿಲ್ಲ, ಮುದ್ದೆ ಸಾರು ಬೇರೆ ಮನೆಯಿಂದ ಬರೋದು. "ದುಡ್ಡಿರಲಿಲ್ಲ ಕಣೋ, ಜನ ಇದ್ರು" ಅಂದರು. ಹತ್ತು ಗ್ರಾಂ ಚಿನ್ನ ಐನೂರು ರೂಪಾಯಿ ಆಸುಪಾಸು ಇತ್ತು. ಈಗ ಲಕ್ಷ ದಾಟಿದೆ. ಆದರೆ ಆ ಐನೂರು ಕೂಡ ಯಾರ ಜೇಬಲ್ಲಿ ಇತ್ತು ಅಂತ ಕೇಳಿದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ.

ಅಷ್ಟು ಹೊತ್ತಿಗೆ ಒಳಗೆ ಅವರೆಕಾಯಿ ಸುಲಿಯುತ್ತಿದ್ದ ನಮ್ಮ ತಾಯಿ ಹೊರಗೆ ಬಂದರು. "ಅವರನ್ನೇನು ಕೇಳ್ತೀಯಾ, ನನ್ನ ಕೇಳು" ಅಂದರು.

ಅವರು ಈ ಮನೆಗೆ ಸೊಸೆಯಾಗಿ ಬಂದದ್ದು 1974ರಲ್ಲಿ. ಬೆಂಗಳೂರಿಗೆ ಮೊದಲ ಬಾರಿ ಕಾವೇರಿ ನೀರು ಬಂದ ವರ್ಷವೂ ಅದೇ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳಲ್ಲಿ ಪಂಪು ಮಾಡಿ ನಮ್ಮ ಕಡೆಯಿಂದಲೇ ಪಟ್ಟಣಕ್ಕೆ ನೀರು ಹೋಯಿತು. ನಮ್ಮ ತಾಯಿ ಮಾತ್ರ ಬಾವಿಯಲ್ಲಿ ಸೇದಿ ದಿನಕ್ಕೆ ಹನ್ನೆರಡು ಬಿಂದಿಗೆ ಹೊತ್ತರು. ಕೋಳಿ ಕೂಗೋ ಮುಂಚೆ ಎದ್ದು ಕಲ್ಲಿನಲ್ಲಿ ರಾಗಿ ಬೀಸಬೇಕು. ಹೊಗೆಯಲ್ಲಿ ಒಲೆ ಊದಬೇಕು. ಸಂಜೆಯಾದರೆ ಸೀಮೆಎಣ್ಣೆ ಬುಡ್ಡಿ, ಅದೂ ಅಡಿಗೆ ಮುಗಿಯೋವರೆಗೆ. ಮನೆಯಲ್ಲಿ ಎಲ್ಲರದೂ ಊಟವಾದ ಮೇಲೆ ಸೊಸೆಯ ಊಟ, ಉಳಿದಿದ್ದರೆ.

ರಾಗಿ ಮುಗಿದ ಮೇಲೆ ಮುಂಗಾರಿನ ಎರಡು ಮೂರು ತಿಂಗಳು ನಾಗು ತರಬೇಕಿತ್ತು. ಈಗಿನವರಿಗೆ ಈ ಪದ ಗೊತ್ತಿಲ್ಲ. ಉಳ್ಳವರ ಮನೆಯಿಂದ ಒಂದು ಪಲ್ಲ ರಾಗಿ ತಂದರೆ ಸುಗ್ಗಿಯಲ್ಲಿ ಒಂದೂವರೆ ಪಲ್ಲ ಅಳೆಯಬೇಕು. ಅಳೆದು ಕೊಟ್ಟ ಮೇಲೆ ಮತ್ತೆ ನಮ್ಮ ಮನೆಯಲ್ಲಿ ಕಮ್ಮಿ. ಮುಂದಿನ ವರ್ಷವೂ ಅದೇ ಬಾಗಿಲು.

ಆಮೇಲೆ ತಾಯಿ ಒಂದು ವಿಷಯ ಹೇಳಿದರು. ನನಗೆ ನಲವತ್ತೈದು ವರ್ಷ, ಇದುವರೆಗೂ ಮನೆಯಲ್ಲಿ ಯಾರೂ ನನಗೆ ಹೇಳಿರಲಿಲ್ಲ. ನನಗಿಂತ ಮುಂಚೆ ಒಂದು ಹೆಣ್ಣು ಮಗು ಇತ್ತಂತೆ. 1976ರ ಬೇಸಿಗೆಯಲ್ಲಿ ಹನ್ನೊಂದು ತಿಂಗಳಾಗಿದ್ದಾಗ ವಾಂತಿ ಭೇದಿ ಶುರುವಾಯಿತು. ತಂದೆಯವರು ಗಾಡಿ ಕಟ್ಟಿಕೊಂಡು ಮಾರುಕಟ್ಟೆಗೆ ಹೋಗಿದ್ದರು. ಭೇದಿ ಆಗುವಾಗ ನೀರು ಕೊಟ್ಟರೆ ಇನ್ನೂ ಜಾಸ್ತಿಯಾಗುತ್ತೆ ಎಂದು ಮನೆಯ ಹಿರಿಯರು ಮಗುವಿಗೆ ನೀರು ಬಿಡಲಿಲ್ಲ. ಅದು ಬಿಂದಿಗೆಯ ಕಡೆ ಕೈ ಚಾಚುತ್ತಿತ್ತಂತೆ. ಗಾಡಿ ವಾಪಸ್ಸು ಬರೋ ಹೊತ್ತಿಗೆ ಮುಗಿದಿತ್ತು.

ನನ್ನ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಪಕ್ಕದಲ್ಲೇ ಕೂತು ಕೇಳುತ್ತಿದ್ದಳು. ಒಂದು ಲೀಟರು ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಗುಟುಕು ಗುಟುಕಾಗಿ ಕುಡಿಸಿದ್ದರೆ ಮಗು ಉಳಿಯಬಹುದಿತ್ತು ಅಂದಳು. 1971ರಲ್ಲೇ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬಿಸ್ ಅವರು ಇಂಥದೇ ನೀರು ಕುಡಿಸಿ ಕಾಲರಾ ಬಂದವರನ್ನು ಸಾವಿರಾರು ಸಂಖ್ಯೆಯಲ್ಲಿ ಉಳಿಸಿದ್ದರು. ಉಪ್ಪು ನಮ್ಮ ಮನೆಯಲ್ಲಿತ್ತು. ಬೆಲ್ಲವೂ ಇತ್ತು. ನೀರು ತಾಯಿಯೇ ಹೊತ್ತು ತಂದದ್ದು. ತಿಳಿವಳಿಕೆ ಒಂದು ಊರಿಗೆ ಬಂದಿರಲಿಲ್ಲ.

ಇದು ನಮ್ಮ ಮನೆ ಒಂದರ ಕಥೆ ಅಲ್ಲ. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ಒಂದು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. 2023ರ ಲೆಕ್ಕದಲ್ಲಿ ಅದು 25. ಆಗ ಸರಾಸರಿ ಆಯಸ್ಸು 50 ವರ್ಷದ ಹತ್ತಿರ ಇತ್ತು, ಈಗ 70ರ ಹತ್ತಿರ ಇದೆ. ಹಿಂದಿನವರು ಗಟ್ಟಿಮುಟ್ಟು ಎಂದು ನಾವು ಹೇಳುತ್ತೇವೆ. ಗಟ್ಟಿಯಾಗಿದ್ದವರು ಉಳಿದರು, ಅವರನ್ನು ನಾವು ನೋಡಿದೆವು. ಉಳಿಯದವರನ್ನು ನಾವು ನೋಡಲೇ ಇಲ್ಲ.

ಹಾಗಾದರೆ ಈಗಿನ ಕಾಲವೇ ಮೇಲು ಎಂದು ಹೇಳಿ ಕೂರಬಹುದು. ಆದರೆ ಮನಸ್ಸು ಒಪ್ಪುವುದಿಲ್ಲ.

ನಮ್ಮ ತಾತ ಗೇಣಿದಾರ. ದೇವರಾಜ ಅರಸು ಅವರ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂತು. ತಾತ ಏಳನೇ ನಮೂನೆ ಅರ್ಜಿ ಹಾಕಿ, ಭೂ ನ್ಯಾಯಮಂಡಳಿ ಮುಂದೆ ಕೈಕಟ್ಟಿ ನಿಂತು, ಎರಡೂವರೆ ಎಕರೆ ಪಡೆದರು. ಅದೇ ದಶಕದಲ್ಲಿ ಮಂಡ್ಯದ ವಿ.ಸಿ. ಫಾರಂನಲ್ಲಿ ಡಾ. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಮಾಡಿ ಇಂಡಾಫ್ ತಳಿ ಕೊಟ್ಟರು. ಇಳುವರಿ ಹೆಚ್ಚಿತು, ನಾಗು ತರೋದು ನಿಂತಿತು. ಎರಡೂವರೆ ಎಕರೆಯಲ್ಲಿ ಮನೆ ತುಂಬಾ ರಾಗಿ ಕಂಡೆವು.

ಆ ಭೂಮಿಯನ್ನು ಕಳೆದದ್ದು ಯಾರು? ಬೇರೆ ಯಾರೂ ಅಲ್ಲ, ನಾವೇ. ಬೆಂಗಳೂರು ಬೆಳೆಯುತ್ತಾ ಜಯನಗರ, ಜೆ.ಪಿ. ನಗರ ದಾಟಿ ನಮ್ಮ ಬಾಗಿಲಿಗೆ ಬಂತು. ಗುಂಟೆ ಲೆಕ್ಕದ ಭೂಮಿಯನ್ನು ಚದರಡಿ ಲೆಕ್ಕದಲ್ಲಿ ಕೇಳಿದರು. ಅಣ್ಣ ತಮ್ಮಂದಿರು ಸೇರಿ ಎರಡು ಎಕರೆ ಮಾರಿದೆವು. ಮನೆ ಕಟ್ಟಿದೆವು, ಕಾರು ಬಂತು, ಮದುವೆಗಳು ಜೋರಾಗಿ ಆದವು. ದುಡ್ಡು ಮುಗಿಯಿತು, ಪಾಲಿನ ಜಗಳ ಮುಗಿಯಲಿಲ್ಲ. ಈಗ ಹಬ್ಬಕ್ಕೆ ಸೇರದ ಅಣ್ಣ ತಮ್ಮಂದಿರು ಕೋರ್ಟಿನ ವಾಯಿದೆಗೆ ಸೇರುತ್ತೇವೆ. ನಾನು ಕಗ್ಗಲೀಪುರದ ಕಡೆ ಗುತ್ತಿಗೆ ಹೊಲದಲ್ಲಿ ಬೇಸಾಯ ಮಾಡುತ್ತೇನೆ. ತಾತ ಗೇಣಿಯಿಂದ ಬಿಡಿಸಿಕೊಂಡ, ಮೊಮ್ಮಗ ಗೇಣಿಗೇ ಹೋದ. ನಗಬೇಡಿ, ಈ ಸಭೆಯಲ್ಲಿ ನನ್ನಂಥವರು ಇನ್ನೂ ಇದ್ದೀರಿ.

ನೀರಿನ ಕಥೆಯೂ ಹೀಗೇ. ನಮ್ಮ ಊರ ಹೆಸರಲ್ಲೇ ಕುಂಟೆ ಇದೆ. ಕೆರೆಗೆ ನೀರು ತರುವ ರಾಜಕಾಲುವೆ ಮೇಲೆ ಮನೆ ಎದ್ದಾಗ ನಾವು ಸುಮ್ಮನಿದ್ದೆವು. ಬಾವಿ ಬತ್ತಿತು, ಬೋರ್‌ವೆಲ್ ಕೊರೆಸಿದೆವು, ಅದೂ ಬತ್ತಿತು. 2024ರ ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಬಿಂದಿಗೆ ಹಿಡಿದು ನಿಂತಾಗ ತಾಯಿ, "ಆಗ ಸೇದೋ ಕಷ್ಟ ಇತ್ತು, ನೀರಾದರೂ ಇತ್ತು" ಅಂದರು. 2021ರ ಜನವರಿಯಿಂದ ಕೋಣನಕುಂಟೆ ಕ್ರಾಸಿಗೆ ಮೆಟ್ರೋ ಬಂದಿದೆ. ಮಾರುಕಟ್ಟೆಗೆ ನಡುರಾತ್ರಿ ಹೊರಡಬೇಕಾಗಿಲ್ಲ. ಆದರೆ ಮಾರುಕಟ್ಟೆಗೆ ಒಯ್ಯಲು ನಮ್ಮ ಹೊಲದ ಸೊಪ್ಪು ಎಲ್ಲಿದೆ?

ಇದನ್ನೆಲ್ಲ ತೂಗಿ ನೋಡಿದಾಗ ನನ್ನ ಅಲ್ಪ ಬುದ್ಧಿಗೆ ತೋಚಿದ್ದು ಇಷ್ಟು. ಐವತ್ತು ವರ್ಷದಲ್ಲಿ ನಮಗೆ ಆದ ಒಳ್ಳೆಯದರಲ್ಲಿ ಹೆಚ್ಚಿನದು ಹತ್ತು ಜನ ಸೇರಿ ಮಾಡಿದ್ದು. ಭೂಮಿ ಕಾನೂನು, ಚುಚ್ಚುಮದ್ದು, ಶಾಲೆ, ಒಳ್ಳೆಯ ಬಿತ್ತನೆ ಬೀಜ ಎಲ್ಲಾ ಅಂಥವೇ. 1975ರ ಸುಮಾರಿಗೆ ಆನಂದ್ ಮಾದರಿಯ ಹಾಲು ಸಂಘಗಳು ನಮ್ಮ ರಾಜ್ಯದಲ್ಲಿ ಶುರುವಾದವು. ನಾಗು ಕೊಡುವವರ ಬಾಗಿಲಿಗೆ ಹೋಗುತ್ತಿದ್ದ ಹೆಂಗಸರು ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋದರು. ಕೆಟ್ಟದ್ದರಲ್ಲಿ ಹೆಚ್ಚಿನದು ನಾವು ಒಬ್ಬೊಬ್ಬರೇ ಮಾಡಿಕೊಂಡದ್ದು, ಇಲ್ಲವೇ ಒಬ್ಬರು ಮಾಡುವಾಗ ಉಳಿದವರು ನೋಡಿಕೊಂಡು ಸುಮ್ಮನಿದ್ದದ್ದು. ಹಿಂದಿನ ಕಾಲದಿಂದ ತರಬೇಕಾದ್ದು ಬುಡ್ಡಿ ದೀಪ ಅಲ್ಲ, ಬೀಸೋ ಕಲ್ಲಲ್ಲ. ಮುಯ್ಯಾಳು ಒಂದನ್ನು ತಂದರೆ ಸಾಕು. ನಮ್ಮ ಸಂಘ ಕೂಡ ಮುಯ್ಯಾಳೇ. ಅದಕ್ಕೆ ಷೇರು, ರಸೀದಿ, ಬೈಲಾ ಇದೆ, ಅಷ್ಟೇ ವ್ಯತ್ಯಾಸ.

ಕೊನೆಯಲ್ಲಿ ಸಭೆಯ ಮುಂದೆ ಒಂದು ಕೋರಿಕೆ. ಹಸುವಿಗೆ ಮೇವು ಹಾಕೋರು, ಸಗಣಿ ಬಾಚೋರು, ಹಾಲು ಕರೆಯೋರು ಮನೆಯ ಹೆಂಗಸರು. ಪಾಸ್ ಪುಸ್ತಕ ಮಾತ್ರ ಬಹಳ ಮನೆಗಳಲ್ಲಿ ಗಂಡಸರ ಹೆಸರಲ್ಲಿದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ಆ ರಾತ್ರಿ ತಾಯಿಯ ಮಾತು ಕೇಳಿದ ಮೇಲೆ ನನ್ನ ಹೆಂಡತಿಯ ಹೆಸರಿಗೆ ಸದಸ್ಯತ್ವದ ಅರ್ಜಿ ಕೊಟ್ಟಿದ್ದೇನೆ. ಉಳಿದವರೂ ಕೊಡಿ. ಹಿಂದಿನ ಕಾಲ ಹೇಗಿತ್ತು ಎಂದು ತಿಳಿಯಬೇಕಾದರೆ ಅರಳಿಕಟ್ಟೆಯಲ್ಲಿ ಕೂತವರನ್ನು ಮಾತ್ರ ಕೇಳಬೇಡಿ, ಮನೆಯೊಳಗೆ ಇದ್ದವರನ್ನೂ ಕೇಳಿ.

ನಮ್ಮ ಅಕ್ಕನಿಗೆ ಏನು ಹೆಸರಿಟ್ಟಿದ್ದಿರಿ ಎಂದು ತಾಯಿಯನ್ನು ಕೇಳಿದೆ. ನಾಮಕರಣಕ್ಕೆ ಸುಗ್ಗಿ ಆಗಲಿ ಎಂದು ಕಾದಿದ್ದರಂತೆ. ಆ ವರ್ಷದ ಸುಗ್ಗಿ ನಾಗಿಗೇ ಸರಿಹೋಯಿತು, ಹೆಸರಿಡಲೇ ಇಲ್ಲ.

ತಪ್ಪೇನಾದರೂ ಆಡಿದ್ದರೆ ಹಿರಿಯರು ಮನ್ನಿಸಬೇಕು. 

ಜೈ ಸಹಕಾರ. ಜೈ ಕರ್ನಾಟಕ.